ತಿರುಗಿಸಿ ಹಾಕಿದ ಲೆನ್ಸು, ಕರಿಬೇವಿನ ಮೇಲಿನ ಮೊಟ್ಟೆ

ಒಗ್ಗರಣೆಗೆ ಕರಿಬೇವು ಕೀಳೋಕೆ ಹಿತ್ತಲಿಗೆ ಹೋದ ಅಮ್ಮ ಅಲ್ಲಿಂದಲೇ ಕೂಗಿದಳು. "ಬಾರೋ ಇಲ್ಲಿ, ಇದೇನೋ ಅಂಟಿಕೊಂಡಿದೆ ನೋಡು."

ಎಳೆ ಚಿಗುರಿನ ಮೇಲೆ ತಿಳಿ ಹಳದಿ ಬಣ್ಣದ ಒಂದು ಉಂಡೆ. ಸಾಸಿವೆ ಕಾಳಿಗಿಂತ ಚೂರು ಚಿಕ್ಕದು. ಚಿಟ್ಟೆ ಮೊಟ್ಟೆ ಅಂತ ಗೊತ್ತಾಯಿತು. ನಮ್ಮ ಹಿತ್ತಲಿನ ಕರಿಬೇವು, ನಿಂಬೆ, ಚಕ್ಕೋತ ಎಲ್ಲದರ ಮೇಲೂ ವರ್ಷಕ್ಕೆ ಒಂದೆರಡು ಸಲ ಹುಳುಗಳು ಬಂದು ಎಲೆ ಬೋಳು ಮಾಡಿ ಹೋಗುತ್ತವೆ. ಹುಳು ನೋಡಿದ್ದೆ, ಚಿಟ್ಟೆಯನ್ನೂ ನೋಡಿದ್ದೆ. ಮೊಟ್ಟೆಯನ್ನು ಮಾತ್ರ ಇಷ್ಟು ವರ್ಷ ಗಮನಿಸಿರಲಿಲ್ಲ. ಅಮ್ಮನ ಕಣ್ಣಿಗೆ ಕನ್ನಡಕ ಬೇರೆ ಇದೆ, ಆದರೂ ಅವಳಿಗೇ ಮೊದಲು ಕಂಡಿತು.

ಕ್ಯಾಮೆರಾ ತಂದೆ. ನಿಕಾನ್ ಡಿ3200, 2012ರ ಮಾದರಿ. ಅದರ ಜೊತೆ ಬಂದ 18-55 ಮಿ.ಮೀ. ಜೂಮ್ ಲೆನ್ಸನ್ನು ಎಷ್ಟು ಹತ್ತಿರ ಒಯ್ಯಬಹುದೋ ಅಷ್ಟು ಒಯ್ದು ಕ್ಲಿಕ್ ಮಾಡಿದೆ. ಎಲೆ ಚೆನ್ನಾಗಿ ಬಂತು. ಮೊಟ್ಟೆ ಒಂದು ಚುಕ್ಕೆ. ಲೆಕ್ಕ ಹಾಕಿದರೆ ಇದು ಹೀಗೇ ಆಗಬೇಕು. ಆ ಲೆನ್ಸು ತೀರಾ ಹತ್ತಿರದಲ್ಲಿ ವಸ್ತುವನ್ನು ಅದರ ನಿಜ ಗಾತ್ರದ ಮೂರನೇ ಒಂದು ಪಾಲಿನಷ್ಟೂ ದೊಡ್ಡದಾಗಿ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ ಬೀಳಿಸುವುದಿಲ್ಲ. ಒಂದು ಮಿ.ಮೀ. ಮೊಟ್ಟೆ ಸೆನ್ಸರ್ ಮೇಲೆ 0.3 ಮಿ.ಮೀ. ಸೆನ್ಸರಿನ ಅಗಲ 23.2 ಮಿ.ಮೀ. ಅಂದರೆ ಮೊಟ್ಟೆ ಚಿತ್ರದ ಅಗಲದಲ್ಲಿ ಎಪ್ಪತ್ತೈದನೇ ಒಂದು ಪಾಲು.

ಇದಕ್ಕೆಂದೇ ಮ್ಯಾಕ್ರೋ ಲೆನ್ಸ್ ಇವೆ. ಬೆಲೆ ನೋಡಿದೆ. ನೋಡಿ ಸುಮ್ಮನಾದೆ.

ಆಗ ನೆನಪಾಗಿದ್ದು ಮಾವನ ಪೆಟ್ಟಿಗೆ. ನನ್ನ ಸೋದರಮಾವನಿಗೆ ಸಾಗರದಲ್ಲಿ ಸ್ಟುಡಿಯೋ ಇತ್ತು. ಊರಿನ ಅರ್ಧ ಮದುವೆ, ಮುಂಜಿಗಳಿಗೆ ಅವರದೇ ಫೋಟೋ. ಸ್ಟುಡಿಯೋ ಮುಚ್ಚಿದಾಗ ನನಗೊಂದು 50 ಮಿ.ಮೀ. ಲೆನ್ಸ್ ಕೊಟ್ಟಿದ್ದರು. ನಿಕಾನ್ ಸೀರೀಸ್ ಇ, ಎಫ್/1.8. 1979ರಲ್ಲಿ ನಿಕಾನ್ ಇಎಂ ಎಂಬ ಪುಟ್ಟ ಫಿಲ್ಮ್ ಕ್ಯಾಮೆರಾ ಬಿಟ್ಟಾಗ ಅದರ ಜೊತೆಗೆ ತಂದ ಅಗ್ಗದ ಸರಣಿಯದು. ಫೋನ್ ಮಾಡಿ ಕೇಳಿದೆ, ಇದರಲ್ಲಿ ಮ್ಯಾಕ್ರೋ ತೆಗೆಯೋಕೆ ಆಗುತ್ತಾ ಅಂತ. ಮಾವ ನಕ್ಕರು. "ತಿರುಗಿಸಿ ಹಿಡಿ ಮಾರಾಯ. ಸ್ಟ್ಯಾಂಪು, ನಾಣ್ಯ ಎಲ್ಲ ನಾವು ಹಾಗೇ ತೆಗೀತಿದ್ದಿದ್ದು."

ತಿರುಗಿಸಿ ಹಿಡಿಯೋದು ಅಂದರೆ ನಿಜವಾಗಿ ಅಷ್ಟೇ. ಕ್ಯಾಮೆರಾದಿಂದ ಲೆನ್ಸ್ ಬಿಚ್ಚಿ, ಹಿಂದು ಮುಂದು ಮಾಡಿ, ಕ್ಯಾಮೆರಾದ ಬಾಯಿಗೆ ಕೈಯಲ್ಲೇ ಒತ್ತಿ ಹಿಡಿಯುವುದು. ಲೆನ್ಸಿಗೆ ಎರಡು ಮುಖ. ಮುಂದಿನದು ದೂರದ ದೊಡ್ಡ ವಸ್ತುವನ್ನು ನೋಡುತ್ತದೆ, ಹಿಂದಿನದು ಅದನ್ನು ಕುಗ್ಗಿಸಿ ಹತ್ತಿರದಲ್ಲಿರುವ ಸೆನ್ಸರಿಗೆ ಕೊಡುತ್ತದೆ. ತಿರುಗಿಸಿ ಇಟ್ಟರೆ ಕೆಲಸವೂ ತಿರುಗುತ್ತದೆ. ಹತ್ತಿರದ ಚಿಕ್ಕದು ದೊಡ್ಡದಾಗುತ್ತದೆ.

ಕ್ಯಾಮೆರಾ ಮೊದಲು ಒಪ್ಪಲಿಲ್ಲ. ಲೆನ್ಸೇ ಇಲ್ಲ ಅಂತ ತಕರಾರು. ಮೋಡ್ ಡಯಲ್ಲನ್ನು 'ಎಂ'ಗೆ, ಅಂದರೆ ಮ್ಯಾನ್ಯುಯಲ್‌ಗೆ, ತಿರುಗಿಸಿದ ಮೇಲೆ ಶಟರ್ ಬಿಟ್ಟಿತು. ಬೆಳಕಿನ ಅಳತೆ ಹೇಳೋದಿಲ್ಲ, ಫೋಕಸ್ ಮಾಡೋದಿಲ್ಲ, ಎಲ್ಲ ನಮ್ಮದೇ ಅಂದಾಜು. ಫೋಕಸ್ ರಿಂಗ್ ತಿರುಗಿಸಿದರೂ ಏನೂ ಆಗದು ಅನ್ನುವಷ್ಟು ಕಡಿಮೆ ವ್ಯತ್ಯಾಸ. ಇಡೀ ಮೈಯನ್ನೇ ಹಿಂದೆ ಮುಂದೆ ತೂಗಬೇಕು. ಹಸಿರು ಮಂಜು, ಹಸಿರು ಮಂಜು, ಮತ್ತೆ ಹಸಿರು ಮಂಜು. ಆಮೇಲೆ ಒಂದು ಕ್ಷಣ ಎಲೆಯ ನರ ಗೆರೆ ಗೆರೆಯಾಗಿ ಎದ್ದು ನಿಂತಿತು, ಅದರ ಪಕ್ಕ ಗುಂಡಗೆ ಮೊಟ್ಟೆ. ಮತ್ತೆ ಮಂಜು. ಆ ಒಂದು ಕ್ಷಣಕ್ಕೆ ನಾನು ಕೂಗಿದ್ದು ಕೇಳಿ ಅಮ್ಮ ಹಾವು ಬಂತೇನೋ ಅಂತ ಓಡಿ ಬಂದಳು.

ಆದರೆ ಹೀಗೆ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಅಲ್ವಾ? ಸಂದಿನಿಂದ ಬೆಳಕು ನುಗ್ಗಿ ಚಿತ್ರ ಬೆಳ್ಳಗಾಗುತ್ತದೆ. ಧೂಳು ಒಳಗೆ ಹೋಗುತ್ತದೆ. ಅವತ್ತಿನ ಚಿತ್ರಗಳ ಮೇಲೆ ಏಳು ಕಪ್ಪು ಚುಕ್ಕೆ ಎಣಿಸಿದ್ದೇನೆ, ಎಲ್ಲ ಸೆನ್ಸರ್ ಮೇಲೆ ಕೂತ ಧೂಳು. ಬಾಯಿಂದ ಊದಲು ಹೋಗಬೇಡಿ, ಉಗುಳು ಹಾರಿದರೆ ಧೂಳಿಗಿಂತ ಕಷ್ಟ. ರಬ್ಬರ್ ಬ್ಲೋವರ್ ಒಂದನ್ನು ಕೊಳ್ಳಲೇಬೇಕಾಯಿತು.

ಲೆನ್ಸನ್ನು ತಿರುಗಿಸಿ ಕೂರಿಸೋಕೆ ಅಂತಲೇ ರಿವರ್ಸ್ ರಿಂಗ್ ಸಿಗುತ್ತದೆ. ನಿಕಾನ್ ಕೂಡ ಬಿಆರ್-2ಎ ಅಂತ 52 ಮಿ.ಮೀ.ಯದೊಂದನ್ನು ಮಾಡಿದೆ. ಬೇರೆಯವರು ಮಾಡಿದ್ದು ಕೆಲವೇ ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಬರುತ್ತದೆ. ಸುಮ್ನೆ ಅದನ್ನೇ ತರಿಸಬಹುದಿತ್ತು. ಆದರೆ ನಮ್ಮೂರಿಗೆ ಪಾರ್ಸೆಲ್ ಬರೋಕೆ ಐದಾರು ದಿನ. ಮೊಟ್ಟೆ ಒಡೆಯೋದಕ್ಕೆ ಮೂರರಿಂದ ಐದು ದಿನ. ಹಾಗಾಗಿ ಮನೆಯಲ್ಲೇ ಮಾಡಲು ಕೂತೆ.

ಬೇಕಾಗಿದ್ದು ಎರಡೇ ವಸ್ತು. ಕ್ಯಾಮೆರಾದ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ, ಅಂದರೆ ಬಾಡಿ ಕ್ಯಾಪ್. ಮತ್ತೆ 52 ಮಿ.ಮೀ.ಯ ಹಳೆ ಯುವಿ ಫಿಲ್ಟರ್. ಬಾಡಿ ಕ್ಯಾಪಿನ ನಡುವೆ ದೊಡ್ಡ ತೂತು ಕೊರೆದು, ಫಿಲ್ಟರಿನ ಗಾಜು ತೆಗೆದು, ಆ ಖಾಲಿ ಬಳೆಯನ್ನು ಕ್ಯಾಪಿನ ಹೊರಮುಖಕ್ಕೆ ಅಂಟಿಸಿದರೆ ಆಯಿತು. ಲೆನ್ಸಿಗೆ ಬಿಗಿಯುವ ಫಿಲ್ಟರಿನ ಮರೆ (ತಿರುಪಿನ ಸುತ್ತು) ಹೊರಗೆ ಮುಖ ಮಾಡಿರಬೇಕು. ಅದಕ್ಕೆ ಲೆನ್ಸಿನ ಮುಂದಿನ ಬಾಯಿಯನ್ನು ತಿರುಗಿಸಿ ಬಿಗಿಯುವುದು.

ಬರೆಯುವಾಗ ನಾಲ್ಕು ಸಾಲು. ಮಾಡುವಾಗ ಒಂದು ಸಂಜೆ. ತೂತು ಕೊರೆಯಲು ದೊಡ್ಡ ಬಿಟ್ ಇರಲಿಲ್ಲ. ಪೆನ್ಸಿಲ್ಲಿನಲ್ಲಿ ವೃತ್ತ ಎಳೆದು, ಅದರ ಮೇಲೆ ಸಾಲಾಗಿ ಚಿಕ್ಕ ತೂತುಗಳನ್ನು ಕೊರೆದು, ನಡುವಿನದನ್ನು ಮುರಿದು, ಅಂಚನ್ನು ಅರದಲ್ಲಿ ಉಜ್ಜಿದೆ. ಉಜ್ಜಿದ ಪುಡಿ ಒಂದು ಕಣವೂ ಉಳಿಯದಂತೆ ಸೋಪು ನೀರಲ್ಲಿ ತೊಳೆದು ಒಣಗಿಸಿದೆ, ಇಲ್ಲದಿದ್ದರೆ ಅದೂ ಸೆನ್ಸರಿಗೇ ಹೋಗುತ್ತದೆ. ಫಿಲ್ಟರಿನ ಗಾಜನ್ನು ಹಿಡಿದಿರುವ ತೆಳು ರಿಂಗಿನಲ್ಲಿ ಎರಡು ಪುಟ್ಟ ಕಚ್ಚು ಇರುತ್ತವೆ. ಡಿವೈಡರಿನ ಎರಡು ಮೊನೆ ಅಲ್ಲಿ ಸಿಕ್ಕಿಸಿ ತಿರುಗಿಸಿದರೆ ಬಿಚ್ಚುತ್ತದೆ ಅಂತ ಲೆಕ್ಕ. ನನ್ನದು ಜಾರಿ ಗಾಜು ಬಿರುಕು ಬಿಟ್ಟಿತು. ಹೇಗೂ ಗಾಜು ಬೇಡವಾಗಿತ್ತು, ಬಟ್ಟೆ ಸುತ್ತಿ ತಟ್ಟಿ ಉದುರಿಸಿದೆ.

ಅಂಟಿಸುವಲ್ಲಿ ಎಡವಿದೆ. ಆತುರಕ್ಕೆ, ಒಂದೇ ಕ್ಷಣದಲ್ಲಿ ಹಿಡಿಯುವ ಗೋಂದು ಹಾಕಿದೆ. ರಾತ್ರಿ ಗಟ್ಟಿಯಾಗಿತ್ತು. ಬೆಳಗ್ಗೆ ಲೆನ್ಸ್ ಬಿಗಿದು ಗಿಡದ ಹತ್ತಿರ ಬಗ್ಗಿದ್ದೇ ತಡ, ಟಕ್ ಅಂತ ಶಬ್ದ. ಲೆನ್ಸು ನೇರ ಕರಿಬೇವಿನ ಬುಡದಲ್ಲಿ. ಮಳೆಗೆ ನೆನೆದ ಮಣ್ಣು, ಅದರ ಮೇಲೆ ಅಮ್ಮ ಹಾಕಿದ್ದ ತರಗೆಲೆ, ಹಾಗಾಗಿ ಉಳಿಯಿತು. ಆ ಗೋಂದಿನ ಹೊಗೆ ಕಪ್ಪು ಬಳೆಯ ಮೇಲೆಲ್ಲ ಬೂದಿ ಬಳಿದ ಹಾಗೆ ಬಿಳಿ ಪೊರೆ ಬೇರೆ ಬಿಟ್ಟಿತ್ತು. ಅದು ಲೆನ್ಸಿನ ಗಾಜಿಗೆ ಹತ್ತಿದ್ದರೆ ಮಾವನಿಗೆ ಏನು ಹೇಳಬೇಕಿತ್ತೋ. ಎರಡನೇ ಸಲ ಎರಡೂ ಮೇಲ್ಮೈಯನ್ನು ಮರಳು ಕಾಗದದಲ್ಲಿ ಒರಟು ಮಾಡಿ, ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಹಾಕಿ, ಮೇಲೆ ಅಕ್ಕಿ ಡಬ್ಬ ಹೇರಿ ಇಡೀ ದಿನ ಬಿಟ್ಟೆ. ಇವತ್ತಿಗೂ ಅಲುಗಿಲ್ಲ.

ಆ ಒಂದು ದಿನ ಕಾಯುವಾಗ ಅಪರ್ಚರಿನ, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ, ವಿಷಯ ಅರ್ಥ ಮಾಡಿಕೊಂಡೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ತಿರುಗಿಸಿದ ಮೇಲೆ ಕ್ಯಾಮೆರಾಕ್ಕೂ ಲೆನ್ಸಿಗೂ ಮಾತುಕತೆ ಇಲ್ಲ. ಮಾವನ ಹಳೆ ಲೆನ್ಸಿನಲ್ಲಿ ಅಪರ್ಚರ್ ರಿಂಗ್ ಇದೆ, ಎಫ್/8ಕ್ಕೆ ತಿರುಗಿಸಿದರೆ ಒಳಗೆ ಕಿಂಡಿಯ ಸುತ್ತ ಇರುವ ತೆಳು ಎಲೆಗಳು ಅಷ್ಟಕ್ಕೆ ಮುಚ್ಚಿಕೊಳ್ಳುತ್ತವೆ. ಹಳೆಯದು ಉಪಯೋಗಕ್ಕೆ ಬರೋದು ಇಲ್ಲೇ. ಹೊಸ 18-55ರಲ್ಲಿ ರಿಂಗ್ ಇಲ್ಲ, ಹಿಂಬದಿಯಲ್ಲಿ ಒಂದು ಪುಟ್ಟ ಲೋಹದ ಕಡ್ಡಿ ಮಾತ್ರ. ಬಿಚ್ಚಿಟ್ಟಾಗ ಅಪರ್ಚರ್ ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿರುತ್ತದೆ, ನೋಡಿದರೆ ಕಗ್ಗತ್ತಲು. ಬೆರಳಲ್ಲಿ ಕಡ್ಡಿ ಸರಿಸಿ, ಜೇಬಲ್ಲಿದ್ದ ಬಸ್ ಟಿಕೆಟ್ ಮಡಚಿ ಸಂದಿಗೆ ಸಿಕ್ಕಿಸಿದೆ. ಸಾಗರದಿಂದ ಶಿವಮೊಗ್ಗದ ಟಿಕೆಟ್ಟು ನಾಲ್ಕು ಮಡಿಕೆಗೆ ಹೆಚ್ಚುಕಡಿಮೆ ಅರ್ಧ ತೆರೆದ ಹಾಗಾಯಿತು. ಕ್ಯಾನನ್ ಇಟ್ಟುಕೊಂಡ ಗೆಳೆಯನ ಕತೆ ಇದಕ್ಕೆ ಉಲ್ಟಾ. ಅವನ ಲೆನ್ಸಿನ ಎಲೆಗಳು ಕರೆಂಟಿನಿಂದ ನಡೆಯುವಂಥವು, ಬಿಚ್ಚಿದರೆ ಪೂರ್ತಿ ತೆರೆದೇ ಇರುತ್ತವೆ. ಅವನು ಎಫ್/8 ಇಟ್ಟು, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ (ಎಲೆಗಳನ್ನು ಆ ಅಳತೆಗೆ ಮುಚ್ಚಿ ತೋರಿಸುವ ಗುಂಡಿ) ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚುತ್ತಾನೆ. ಎಲೆಗಳು ಇದ್ದಲ್ಲೇ ನಿಲ್ಲುತ್ತವೆ.

ರಿಂಗ್ ಸಿದ್ಧವಾದ ಮೇಲೆ ಮೊದಲು ತೆಗೆದಿದ್ದು ಸ್ಕೂಲ್ ಸ್ಕೇಲಿನ ಫೋಟೋ. ಎಷ್ಟು ದೊಡ್ಡದಾಗುತ್ತಿದೆ ಅಂತ ಅಳೆಯಲು ಇದಕ್ಕಿಂತ ಸುಲಭ ದಾರಿ ಇಲ್ಲ. ಚಿತ್ರದ ಈ ಅಂಚಿನಿಂದ ಆ ಅಂಚಿಗೆ ಎಷ್ಟು ಮಿ.ಮೀ. ಗೆರೆ ಹಿಡಿಸಿತೋ ಅದರಿಂದ ಸೆನ್ಸರಿನ ಅಗಲವನ್ನು ಭಾಗಿಸಿದರೆ ಸಾಕು. 50ರ ಲೆನ್ಸಿನಲ್ಲಿ 21 ಮಿ.ಮೀ. ಹಿಡಿಸಿತು, ಅಂದರೆ 1.1 ಪಟ್ಟು. 18-55ನ್ನು 18ರಲ್ಲಿ ತಿರುಗಿಸಿದಾಗ ಬರೀ ಆರೂವರೆ ಮಿ.ಮೀ., ಅಂದರೆ ಮೂರೂವರೆ ಪಟ್ಟು. ಲೆನ್ಸಿನ ಫೋಕಲ್ ಲೆಂತ್, ಅಂದರೆ ಆ 18, 50 ಅನ್ನುವ ಮಿ.ಮೀ. ಸಂಖ್ಯೆ, ಚಿಕ್ಕದಾದಷ್ಟೂ ತಿರುಗಿಸಿದಾಗ ಹಿಗ್ಗುವುದು ಜಾಸ್ತಿ. ಮಾಮೂಲಿ ಬುದ್ಧಿಗೆ ಇದು ಹಿಡಿಸೋದಿಲ್ಲ, ಆದರೆ ಸ್ಕೇಲು ಸುಳ್ಳು ಹೇಳೋದಿಲ್ಲ.

ಒಂದು ಪಟ್ಟಿನಲ್ಲಿ ಜೇಡ, ಇರುವೆ, ದಾಸವಾಳದ ಬಿಳಿ ಹೇನು ಎಲ್ಲ ಚೆನ್ನಾಗಿ ಸಿಗುತ್ತವೆ. ಮೊಟ್ಟೆಗೆ ಸಾಲದು. 18ರಲ್ಲಿ ಸಿಕ್ಕಿದ್ದು ದೊಡ್ಡದೇನೋ ಆಯಿತು, ಆದರೆ ಅಂಚೆಲ್ಲ ಮೆತ್ತಗೆ, ಬಸ್ ಟಿಕೆಟ್ ಆಗಾಗ ಜಾರುವ ತಲೆನೋವು ಬೇರೆ. ಹಾಗಾಗಿ ಮೂರನೇ ಲೆನ್ಸ್ ತೆಗೆದೆ. 55-200. ಇದನ್ನು ಕ್ಯಾಮೆರಾಕ್ಕೆ ಸರಿಯಾಗಿಯೇ ಹಾಕಿ, ಅದರ ಮೂತಿಗೆ 50ನ್ನು ತಿರುಗಿಸಿ ಜೋಡಿಸುವುದು. ಎರಡರ ಬಾಯಿಯೂ 52 ಮಿ.ಮೀ. ಇದ್ದದ್ದು ಅದೃಷ್ಟ. ಇನ್ನೆರಡು ಖಾಲಿ ಫಿಲ್ಟರ್ ಬಳೆಗಳನ್ನು, ಲೆನ್ಸಿಗೆ ಬಿಗಿಯುವ ಮರೆ ಎರಡೂ ಹೊರಗಡೆ ಬರುವಂತೆ, ಮುಖಕ್ಕೆ ಮುಖ ಅಂಟಿಸಿದೆ, ಈ ಸಲ ಎಪಾಕ್ಸಿಯಲ್ಲೇ. ಹಿಂದಿನ ಲೆನ್ಸಿನ ಸಂಖ್ಯೆಯನ್ನು ಮುಂದಿನದರಿಂದ ಭಾಗಿಸಿ: 200ಕ್ಕೆ 50, ನಾಲ್ಕು ಪಟ್ಟು. ಮೊಟ್ಟೆ ಈಗ ಚಿತ್ರದ ಅಗಲದಲ್ಲಿ ಆರನೇ ಒಂದು ಪಾಲು. ಎಪ್ಪತ್ತೈದನೇ ಪಾಲಿನಿಂದ ಇಲ್ಲಿಗೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಕ್ಯಾಮೆರಾಕ್ಕೆ ಅಂಟಿರೋದು ಸರಿಯಾಗಿ ಹಾಕಿದ ಲೆನ್ಸ್, ಹಾಗಾಗಿ ತಕರಾರಿಲ್ಲ. ಅಪರ್ಚರನ್ನು ಕ್ಯಾಮೆರಾದಿಂದಲೇ ಬದಲಿಸಬಹುದು, ಮುಂದಿನ 50 ಎಫ್/1.8ಕ್ಕೆ ಪೂರ್ತಿ ತೆರೆದಿದ್ದರೆ ಸರಿ. ಜೂಮನ್ನು 100ಕ್ಕೆ ಇಳಿಸಿದರೆ ಮಾತ್ರ ಕೊಳವೆಯಲ್ಲಿ ನೋಡಿದ ಹಾಗೆ ಸುತ್ತ ಕಪ್ಪು. 200ರಲ್ಲೂ ಮೂಲೆಗಳು ಸ್ವಲ್ಪ ಮಸುಕು. ಮೊಟ್ಟೆ ನಡುವೆ ಇರೋದರಿಂದ ನನಗೇನೂ ತೊಂದರೆಯಾಗಲಿಲ್ಲ.

ತಿರುಗಿಸಿದ ಲೆನ್ಸಿನ ಹಿಂಬದಿ ಗಾಜು ಈಗ ಹುಳುಗಳ ಕಡೆ ಮುಖ ಮಾಡಿರುತ್ತದೆ. ಒಂದು ಚಗಳಿ ಇರುವೆ ಕೊಂಬೆಯಿಂದ ನೇರ ಗಾಜಿನ ಮೇಲೆ ಹತ್ತಿ, ಅಲ್ಲೇ ಮೀಸೆ ತೀಡುತ್ತಾ ನಿಂತಿತು. ಅದಕ್ಕೆ ಲೆನ್ಸಿನ ಹಿಂಬದಿ ಮುಚ್ಚಳದ ತಳ ಕತ್ತರಿಸಿ, ಬಳೆಯ ಹಾಗೆ ಮಾಡಿ ಅಲ್ಲಿ ಸಿಕ್ಕಿಸಿದ್ದೇನೆ. ಚೂರು ಕಾವಲು.

ಇಷ್ಟೆಲ್ಲ ಮಾಡಿ ಗಿಡದ ಮುಂದೆ ಕೂತರೆ, ಚಿತ್ರ ಬರೀ ಕಪ್ಪು.

ಲೆನ್ಸಿನ ಕೆಲಸ ಮುಗಿಸಿದಾಗ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕೆಲಸ ಬೆಳಕಿನದು. ದೊಡ್ಡದು ಮಾಡಿದಷ್ಟೂ ಅದೇ ಬೆಳಕು ತೆಳ್ಳಗೆ ಹರಡಿಕೊಳ್ಳುತ್ತದೆ. ಹಂಚಿನ ಮೇಲೆ ದೋಸೆ ಹಿಟ್ಟು ಎಳೆದ ಹಾಗೆ. ತಿರುಗಿಸಿದ 50ರಲ್ಲಿ ಒಂದು ಪಟ್ಟಿಗೇ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅಪರ್ಚರ್ ತೆರೆದರೆ ಬೆಳಕು ಬರುತ್ತದೆ, ಆದರೆ ಸ್ಪಷ್ಟವಾಗಿ ಕಾಣುವ ಪದರ ಇಲ್ಲವಾಗುತ್ತದೆ. ಒಂದು ಪಟ್ಟು, ಎಫ್/8ರಲ್ಲಿ ಆ ಪದರದ ದಪ್ಪ ಸುಮಾರು ಅರ್ಧ ಮಿ.ಮೀ. ನಾಲ್ಕು ಪಟ್ಟಿನ ಜೋಡಿಯಲ್ಲಿ ಎಫ್/22 ಇಟ್ಟರೂ ಕೂದಲಿನ ದಪ್ಪಕ್ಕಿಂತ ಕಡಿಮೆ. ಮೊಟ್ಟೆಯ ನೆತ್ತಿ ಸರಿಯಾಗಿ ಕಂಡರೆ ಸೊಂಟ ಮಸುಕು. ಉಸಿರಾಡಿದರೆ ಎರಡೂ ಮಸುಕು.

ಫ್ಲ್ಯಾಶ್ ಇದೆಯಲ್ಲ, ಕ್ಯಾಮೆರಾದ ತಲೆ ಮೇಲೆ? ಎಬ್ಬಿಸಿದೆ. ಎರಡು ಲೆನ್ಸ್ ಸೇರಿ ಅಷ್ಟುದ್ದ ಮೂತಿ ಆಗಿದೆ. ಬೆಳಕೆಲ್ಲ ಅದರ ಮೇಲಿಂದ ಹಾರಿ ಆಚೆ ಬಾಳೆ ಗಿಡಕ್ಕೆ ಬಿತ್ತು. ಮೊಟ್ಟೆ ಇರೋದು ಲೆನ್ಸಿನ ತುದಿಯಿಂದ ನಾಲ್ಕೂವರೆ ಸೆಂ.ಮೀ. ದೂರದಲ್ಲಿ, ಪೂರ್ತಿ ನೆರಳಿನಲ್ಲಿ.

ಬೆಳಕನ್ನು ಅಲ್ಲಿವರೆಗೆ ಹೊತ್ತು ತರಬೇಕು. ಮನೆಯಲ್ಲಿ ಮದುವೆ ಕಾಗದಗಳಿಗೆ ಬರವಿಲ್ಲ. ದಪ್ಪನೆಯ ನಾಲ್ಕು ಕಾಗದ ಜೋಡಿಸಿ, ಫ್ಲ್ಯಾಶಿನಿಂದ ಲೆನ್ಸಿನ ತುದಿಯವರೆಗೆ ಇಳಿಜಾರಾದ ಒಂದು ಕೊಳವೆ ಮಾಡಿದೆ. ಒಳಗೆಲ್ಲ ಚಪಾತಿ ಸುತ್ತುವ ಬೆಳ್ಳಿ ಹಾಳೆ. ತುದಿಗೆ ಬೇಕರಿಯ ಬಟರ್ ಪೇಪರ್. ಮೊದಲು ಒಂದೇ ಪದರ ಹಾಕಿದ್ದೆ, ಮೊಟ್ಟೆಯ ನೆತ್ತಿಯಲ್ಲಿ ಬಿಳಿ ಚುಕ್ಕೆಯೊಂದು ಕಣ್ಣು ಕುಕ್ಕಿತು. ಮೂರು ಪದರ ಮಾಡಿ, ಹಾಳೆಗಳ ನಡುವೆ ಒಂದು ಬೆರಳು ಜಾಗ ಬಿಟ್ಟೆ. ಬೆಳಕು ಮೆತ್ತಗಾಯಿತು. ಕೆಳಗಿನಿಂದ ನೆರಳು ತುಂಬಲು ಥರ್ಮಕೋಲ್ ತಟ್ಟೆಯ ಒಂದು ಚೂರು. ಇಡೀ ಸರಂಜಾಮು ಯಕ್ಷಗಾನದ ಕಿರೀಟದ ಹಾಗೆ ಕಾಣುತ್ತಿತ್ತು. ಕಾಗದದ ಮೇಲಿನ ಚಿನ್ನದ ಗಣಪತಿ ಎಡಗಡೆಗೆ ಬಂದಿದ್ದ, ತೆಗೆಯಲು ಮನಸ್ಸಾಗಲಿಲ್ಲ.

ಫ್ಲ್ಯಾಶನ್ನು ಮೆನುವಿನಲ್ಲಿ ಮ್ಯಾನ್ಯುಯಲ್‌ಗೆ ಬದಲಿಸಿದೆ. ಶಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನೋ ಅಳತೆ) 400. ಮೊದಲು ಕಾಲು ಭಾಗ ಶಕ್ತಿಯಲ್ಲಿ ನೋಡಿದೆ, ಕತ್ತಲು. ಅರ್ಧಕ್ಕೆ ಏರಿಸಿದ ಮೇಲೆ ಸರಿಹೋಯಿತು. ಫ್ಲ್ಯಾಶ್ ಮಿಂಚುವ ಹೊತ್ತು ಶಟರ್ ತೆರೆದಿರುವ ಹೊತ್ತಿಗಿಂತ ಎಷ್ಟೋ ಕಡಿಮೆ, ಕೈ ನಡುಕವನ್ನು ಅದೇ ನುಂಗಿಕೊಳ್ಳುತ್ತದೆ. ಸೂರ್ಯನ ಬೆಳಕಿನಲ್ಲೇ ತೆಗೆಯುತ್ತೇನೆ ಅಂತ ಹಟ ಹಿಡಿದು ಹೊತ್ತು ಕಳೆದಿದ್ದೆ. ಆ ಹಟ ಬೇಡವಾಗಿತ್ತು.

ಉಳಿದಿದ್ದು ಗಾಳಿ. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮಳೆ ನಿಂತರೂ ಗಾಳಿ ನಿಲ್ಲೋದಿಲ್ಲ. ಮಣ್ಣಿಗೆ ಒಂದು ಬಿದಿರು ಕೋಲು ಚುಚ್ಚಿ, ಅದರ ತುದಿಗೆ ಬಟ್ಟೆ ಕ್ಲಿಪ್ ಕಟ್ಟಿ, ಕ್ಲಿಪ್ಪಿನಿಂದ ಚಿಗುರನ್ನು ಮೆಲ್ಲಗೆ ಹಿಡಿಸಿದೆ. ಚಿಗುರಿನ ಕಡ್ಡಿಯನ್ನು ಎಡಗೈ ಬೆರಳಲ್ಲಿ ಹಿಡಿದು, ಅದೇ ಕೈಯ ಮೇಲೆ ಲೆನ್ಸನ್ನು ಊರಿದರೆ ಇನ್ನೂ ಒಳ್ಳೆಯದು. ಆಗ ಅಲುಗಿದರೆ ಗಿಡ, ಕ್ಯಾಮೆರಾ ಎರಡೂ ಒಟ್ಟಿಗೆ ಅಲುಗುತ್ತವೆ. ಮೊಣಕೈ ಮೊಣಕಾಲಿನ ಮೇಲೆ. ಉಸಿರು ಬಿಟ್ಟು, ಖಾಲಿ ಎದೆಯಲ್ಲಿ ಮುಂದಕ್ಕೆ ತೂಗುತ್ತಾ ಒತ್ತುವುದು. ನಲವತ್ತು ತೆಗೆದರೆ ಎರಡು ಸರಿ ಬರುತ್ತಿದ್ದವು.

ಐದನೇ ದಿನ ಬೆಳಗ್ಗೆ ಏಳಕ್ಕೆ ಮೊದಲ ಸರಿಯಾದ ಚಿತ್ರ ಸಿಕ್ಕಿತು. ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಮೊಟ್ಟೆ ಈಗ ಹಳದಿ ಇಲ್ಲ. ಸಿಪ್ಪೆ ತೆಳ್ಳಗೆ ಪಾರದರ್ಶಕವಾಗಿದೆ, ಒಳಗೆ ಕಪ್ಪು ಕಪ್ಪಾಗಿ ಏನೋ ಸುರುಳಿ ಸುತ್ತಿ ಮಲಗಿದೆ. ಒಂದು ಕಡೆ ದುಂಡಗೆ ಗಾಢ ಕಪ್ಪು, ಅದು ತಲೆ ಇರಬೇಕು. ಬರಿಗಣ್ಣಿಗೆ ಅಲ್ಲಿ ಕಾಣುತ್ತಿದ್ದುದು ಕೊಳೆಯಾದ ಒಂದು ಚುಕ್ಕೆ ಅಷ್ಟೇ.

ಈಗಲೋ ಆಗಲೋ ಒಡೆಯುತ್ತದೆ ಅಂತ ಗೊತ್ತಾಯಿತು. ಕೂತೆ. ಎಂಟಾಯಿತು, ಎಂಟೂವರೆ ಆಯಿತು. ಫ್ಲ್ಯಾಶ್ ಹೊಡೆದೂ ಹೊಡೆದೂ ಬ್ಯಾಟರಿ ಗುರುತು ಕೆಂಪಗಾಯಿತು. ಒಂದೇ ಬ್ಯಾಟರಿ ಇರೋದು. ಚಾರ್ಜಿಗೆ ಹಾಕಿ, ಅವಲಕ್ಕಿ ತಿಂದು, ಮತ್ತೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ.

ಮೊಟ್ಟೆ ಇದ್ದ ಜಾಗದಲ್ಲಿ ಸಿಪ್ಪೆಯೂ ಅರ್ಧಂಬರ್ಧ. ಅದರ ಪಕ್ಕ ಎರಡೂವರೆ ಮಿ.ಮೀ. ಉದ್ದದ ಹುಳು, ತಾನು ಹೊರಬಂದ ಸಿಪ್ಪೆಯನ್ನೇ ಮೇಯುತ್ತಿತ್ತು. ಬೇಸರ ಮಾಡಿಕೊಳ್ಳೋಕೂ ಪುರುಸೊತ್ತು ಇಲ್ಲ. ನಾಲ್ಕು ಪಟ್ಟಿನಲ್ಲಿ ಅದು ಚಿತ್ರದ ಅಗಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತುಂಬಿಕೊಂಡಿತು. ಮೈತುಂಬ ಮುಳ್ಳುಮುಳ್ಳು ಗಂಟು, ಪ್ರತಿ ಗಂಟಿನಿಂದ ಕೂದಲು. ಕಪ್ಪು ತಲೆ ಮಿರಿಮಿರಿ ಹೊಳೆಯುತ್ತಿದೆ, ಅದರಲ್ಲಿ ನನ್ನ ಬಟರ್ ಪೇಪರಿನ ಬಿಳಿ ಚೌಕ ಪ್ರತಿಫಲಿಸಿದೆ. ಸಿಪ್ಪೆಯ ಹರಿದ ಅಂಚು ಗಾಜಿನ ಚೂರಿನ ಹಾಗೆ. ಅರವತ್ತೆರಡು ತೆಗೆದೆ, ಐದು ಉಳಿಸಿಕೊಂಡೆ.

ಒಳಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಹಾಕಿ ಅಮ್ಮನಿಗೆ ತೋರಿಸಿದೆ. ಸೌಟು ಹಿಡಿದುಕೊಂಡೇ ಬಂದು ಕನ್ನಡಕ ಸರಿಮಾಡಿ ನೋಡಿದಳು. "ಅಯ್ಯೋ, ಇದನ್ನಾ ನಾನು ಇಷ್ಟು ದಿನ ಸಾರಿಗೆ ಹಾಕಿದ್ದು?" ಅಂದಳು.

ಆಮೇಲಿನ ಮೂರು ವಾರ ನಮ್ಮ ಮನೆಗೆ ಕರಿಬೇವು ಬಂದಿದ್ದು ಪಕ್ಕದ ಮನೆಯಿಂದ.